ಹಿಮ್ಮಡಿಗೆ ಬಿದ್ದ ನೀರು

ಪಾರ್ಶ್ವವಾಯು ಹೊಡೆದ ಮೇಲೆ ಅಪ್ಪನ ಎಡಪಾದ ಜೋತುಬಿದ್ದಿತ್ತು. ಹೆಜ್ಜೆ ಎತ್ತಿದರೂ ಬೆರಳುಗಳು ನೆಲ ಬಿಡುತ್ತಿರಲಿಲ್ಲ. ತಿರುವನಂತಪುರದ ಆಸ್ಪತ್ರೆಯ ಹಜಾರದಲ್ಲಿ ಅವು ಉಜ್ಜಿಕೊಂಡು ಬರುವ ಸದ್ದು ಮೊದಲು ಕೇಳಿಸುತ್ತಿತ್ತು, ಅಪ್ಪ ಆಮೇಲೆ ಕಾಣಿಸುತ್ತಿದ್ದರು.

ಮೂರನೆಯ ವಾರ ಫಿಸಿಯೋಥೆರಪಿಸ್ಟ್ ನೀಲಿ ಟೇಪೊಂದನ್ನು ತಂದಳು. ಮೊಣಕಾಲಿನ ಕೆಳಗಿನಿಂದ ಪಾದದ ಮೇಲಕ್ಕೆ ಒಂದು ಪಟ್ಟಿ, ಹಿಮ್ಮಡಿಯ ಅಡಿಯಿಂದ ಎರಡೂ ಬದಿಗೆ ಎಳೆದು ಅಂಟಿಸಿದ ಇನ್ನೊಂದು. ಐದು ದಿನ ಇರಲಿ, ಆಮೇಲೆ ಹೊಸದು ಹಾಕೋಣ ಎಂದಳು. ನನಗಿಂತ ಚಿಕ್ಕವಳು, ಮಲಯಾಳಿ ಮಕ್ಕಳು ತಂದೆಯನ್ನು ಕರೆಯುವಂತೆ ಅಪ್ಪನನ್ನು ‘ಅಚ್ಛಾ’ ಎನ್ನುತ್ತಿದ್ದಳು.

“ಅಚ್ಛಾ, ಕಾಲು ನೋಡಬೇಡಿ. ನನ್ನ ಮುಖ ನೋಡಿ ಬನ್ನಿ.”

ಅಪ್ಪ ನಡೆದರು. ಬೆರಳು ನೆಲಕ್ಕೆ ಉಜ್ಜಲಿಲ್ಲ. ಹಜಾರದ ಕೊನೆಯಲ್ಲಿ ನನ್ನತ್ತ ತಿರುಗಿ, “ಇವಳು ಕರೆದರೆ ಕಾಲು ಬರ್ತದೆ. ನೀನು ಕರೆದರೆ ಬರೀ ವಾದ ಬರ್ತದೆ” ಎಂದರು.

ಬಿಡುಗಡೆಯ ದಿನ ಕೊಟ್ಟ ಕಾಗದದಲ್ಲಿ ‘ಆಧಾರವಿಲ್ಲದೆ ನಡೆಯುತ್ತಾರೆ’ ಎಂದಿತ್ತು. ಆಗಲೂ ಕಾಲಿನಲ್ಲಿದ್ದ ಟೇಪಿನ ಪ್ರಸ್ತಾಪವೇ ಇರಲಿಲ್ಲ. ವಿಶ್ವವಿದ್ಯಾಲಯದಲ್ಲಿ ವರ್ಷಗಟ್ಟಲೆ ಪಠ್ಯಗಳ ಮೌನವನ್ನು ಓದಲು ಕಲಿತ ನಾನು ಆ ಕಾಗದವನ್ನು ಮಡಚಿ, ಸಂತೋಷದಿಂದ ಚೀಲದೊಳಗಿಟ್ಟೆ.

ಕಾಕ್ಕನಾಡಿನ ನನ್ನ ಫ್ಲ್ಯಾಟಿಗೆ ಬಂದ ಮೂರನೆಯ ದಿನ ಅಜ್ಜನ ಶ್ರಾದ್ಧವಿತ್ತು. ಕಾಸರಗೋಡಿನ ನಮ್ಮ ಮನೆಯಲ್ಲಿ ಕಾಲು ತೊಳೆದು ಬಂದವರ ಹಿಮ್ಮಡಿಯನ್ನು ಯಾರಾದರೊಬ್ಬರು ನೋಡಿಯೇ ನೋಡುತ್ತಿದ್ದರು. ಅಲ್ಲಿ ಬೆರಳಗಲ ಒಣಗಿ ಉಳಿದರೂ ಸಾಕು, ಶನಿ ಒಳಗೆ ಬರುತ್ತಾನೆಂಬ ನಂಬಿಕೆ. ನಾನು ಅದನ್ನು ನಂಬುವವಳಲ್ಲ. ಅಪ್ಪ ಬಚ್ಚಲ ಸ್ಟೂಲಿನ ಮೇಲೆ ಕೂತು ನೀಲಿ ಪಟ್ಟಿಯನ್ನು ಉಗುರಿನಿಂದ ಕೆರೆಯುತ್ತಿದ್ದರು.

“ಹಿಮ್ಮಡಿಗೆ ನೀರು ಬೀಳದೆ ಶ್ರಾದ್ಧಕ್ಕೆ ಕೂತ್ಕೊಳ್ಳುದು ಹೇಗೆ ಮಾರಾಯ್ತಿ? ತೆಗಿ ಇದನ್ನು.”

“ಬಿದ್ದರೆ?”

“ಆಧಾರ ಬೇಡಾಂತ ಕಾಗದದಲ್ಲೇ ಬರ್ದುಂಟಲ್ಲ!”

ಹೌದು, ಬರೆದಿತ್ತು. ಆಸ್ಪತ್ರೆಗೆ ಒಂದು ಫೋನ್ ಮಾಡಬಹುದಿತ್ತು, ಮಾಡಲಿಲ್ಲ. ತೆಂಗಿನೆಣ್ಣೆ ಸವರಿ, ಚರ್ಮ ಕೀಳದಂತೆ ನಿಧಾನವಾಗಿ ಪಟ್ಟಿ ಬಿಚ್ಚಿದೆ. ಅಪ್ಪ ಚೆಂಬಿನಿಂದ ಹಿಮ್ಮಡಿಗೆ ನೀರು ಸುರಿದುಕೊಂಡರು, ಎದ್ದರು. ಮೂರನೆಯ ಹೆಜ್ಜೆಗೆ ಬೆರಳುಗಳು ಬಚ್ಚಲ ಹೊಸ್ತಿಲಿಗೆ ಸಿಕ್ಕಿಕೊಂಡವು.

ಸೊಂಟದ ಮೂಳೆ ಮುರಿಯಿತು. ಅಪ್ಪ ಈಗ ಗಾಲಿಕುರ್ಚಿಯಲ್ಲಿದ್ದಾರೆ. ಮತ್ತೆ ನಡೆಯುವ ಮಾತನ್ನು ಯಾವ ವೈದ್ಯರೂ ಎತ್ತುವುದಿಲ್ಲ. ಹಾಗಿದ್ದೂ ಅಡುಗೆಮನೆಯಲ್ಲಿ ಬೆನ್ನು ತಿರುಗಿಸಿ ನಿಂತಾಗ, ನಡುಹಗಲಿನಲ್ಲೇ, ಹಿಂದಿನಿಂದ ಆ ಉಜ್ಜುವ ಸದ್ದು ಬರುತ್ತದೆ. ತಿರುಗಿ ನೋಡುತ್ತೇನೆ. ಯಾರೂ ಇರುವುದಿಲ್ಲ. ಗ್ಯಾಸ್ ಆರಿಸಿ, ಅಪ್ಪ ಕುರ್ಚಿಯಲ್ಲಿಯೇ ಇದ್ದಾರೆಯೇ ಎಂದು ನೋಡಿ ಬರುತ್ತೇನೆ.

ಆಸ್ಪತ್ರೆಗೆ ದೂರು ಬರೆದೆ. ಟೇಪು ಹಾಕಿ ನಡೆಸಿ ನೋಡಿದಿರಿ, ಟೇಪಿಲ್ಲದೆ ನಡೆಯುತ್ತಾರೆಂಬ ಅರ್ಥ ಬರುವಂತೆ ಬರೆದಿರಿ. ಆ ಕಾಗದವನ್ನು ತಿದ್ದಿಕೊಡಿ. ಅಪ್ಪನಿಗೆ ಓದಿ ಹೇಳಿದೆ.

“ಬಿಚ್ಚಿದ್ದು ಯಾರೂಂತ ಬರ್ದಿಲ್ಲ ನೀನು.”

“ಬರೆದರೆ ಅವರು ನುಣುಚಿಕೊಳ್ತಾರಪ್ಪ.”

“ಅವರು ನುಣುಚಿಕೊಳ್ಳಲಿ. ನೀನು ಯಾಕೆ ನುಣುಚಿಕೊಳ್ಳುದು? ಬರಿ. ಬಿಚ್ಚಲಿಕ್ಕೆ ನಾನೇ ಹೇಳಿದ್ದೂಂತಲೂ ಬರಿ.”

ಎರಡನ್ನೂ ಬರೆದು ತಿರುವನಂತಪುರಕ್ಕೆ ಹೋದೆ. ಆಡಳಿತಾಧಿಕಾರಿ ಆ ಎರಡು ಸಾಲುಗಳ ಕೆಳಗೆ ಮಾತ್ರ ಗೆರೆ ಎಳೆದರು.

“ನೀವೇ ಒಪ್ಪಿಕೊಂಡಿದ್ದೀರಲ್ಲ ಮೇಡಂ. ಇನ್ನು ನಮ್ಮದೇನು?”

ಅವರು ಕರೆಸಿದ್ದರಿಂದ ಫಿಸಿಯೋಥೆರಪಿಸ್ಟ್ ಬಂದು ಬಾಗಿಲ ಬಳಿ ನಿಂತಿದ್ದಳು. ತನ್ನ ದಿನಚರಿ ಪುಸ್ತಕವನ್ನು ಮೇಜಿನ ಮೇಲೆ ತೆರೆದಿಟ್ಟಳು. ಅಪ್ಪ ನಡೆದ ದಿನದ ಎದುರು, ಅವಳದೇ ಕೈಬರಹದಲ್ಲಿ, ‘ಟೇಪಿನೊಂದಿಗೆ’ ಎಂದಿತ್ತು.

“ಬಿಡುಗಡೆಯ ಫಾರಂನಲ್ಲಿ ಇದಕ್ಕೆ ಜಾಗವಿಲ್ಲ ಸರ್,” ಎಂದಳು.

“ಇದು ನಮ್ಮ ಒಳಗಿನ ದಾಖಲೆ,” ಎಂದು ಅವರು ಪುಸ್ತಕ ಮುಚ್ಚಿದರು.

“ನನ್ನ ತಪ್ಪನ್ನು ನಾನು ಸಹಿ ಹಾಕಿ ಕೊಟ್ಟಿದ್ದೇನೆ,” ಎಂದೆ. “ನಿಮ್ಮದನ್ನೂ ಹಾಗೆಯೇ ಕೊಡಿ.”

ಪರಿಶೀಲಿಸುತ್ತೇವೆ ಎಂದರು. ಊಟದ ಹೊತ್ತಾಯಿತು ಎಂದರು. ನಾನು ಕುರ್ಚಿ ಬಿಟ್ಟು ಏಳಲಿಲ್ಲ.