ಹಿಂದಿನ ಎಡಗಾಲು

"ನಾನ್ರಿ, ರಾಕ್ಷಸನ ಹಿಂದಿನ ಎಡಗಾಲು."

ಹೊಸಬರು ಯಾರೇ ಸಿಗಲಿ, ಬಸಪ್ಪ ತನ್ನ ಪರಿಚಯ ಮಾಡಿಕೊಳ್ಳುತ್ತಿದ್ದದ್ದು ಹೀಗೆ. ಹೆಸರು, ಊರು, ಕೆಲಸ ಎಲ್ಲ ಆಮೇಲೆ. ಗೋವಾದ ಝುವಾರಿನಗರದ ನಮ್ಮ ಓಣಿಯಲ್ಲಿ ಮೇಸ್ತ್ರಿ, ವೆಲ್ಡರ್, ಡ್ರೈವರ್ ಎಂದು ಹೇಳಿಕೊಳ್ಳುವವರು ಬೇಕಾದಷ್ಟಿದ್ದರು. ಕಾಲು ಎಂದು ಹೇಳಿಕೊಂಡವನು ಇವನೊಬ್ಬನೇ.

ಅವನು ಹೇಳುತ್ತಿದ್ದ ಕಥೆ ಇಷ್ಟು. ಮದುವೆಯಾದ ವರ್ಷವೇ ಹೆಂಡತಿ ಗಂಗವ್ವನನ್ನು ಸಿಂದಗಿ ಕಡೆಯ ಊರಲ್ಲಿ ಬಿಟ್ಟು, ಇಲ್ಲಿನ ಬಂದರಿಗೆ ಹಮಾಲಿ ಮಾಡಲು ಬಂದಿದ್ದ. ಒಂದು ಹಿಂದಿ ಸಿನಿಮಾ ಕಂಪನಿಯವನು ಬಂದು, ಬೆನ್ನ ಮೇಲೆ ಭಾರ ಹೊತ್ತು ಒಂದೇ ಹೆಜ್ಜೆಯಲ್ಲಿ ನಡೆಯಬಲ್ಲ ನಾಲ್ವರು ಬೇಕೆಂದ. ಆನೆಯ ಮೈ, ಹುಲಿಯ ಮುಖದ ಒಬ್ಬ ರಾಕ್ಷಸ. ಬಿದಿರು, ಗೋಣಿತಟ್ಟು, ರಬ್ಬರು ಸೇರಿಸಿ ಮಾಡಿದ್ದು. ಕಂಬದಂಥ ಒಂದೊಂದು ಕಾಲಿನೊಳಗೆ ಒಬ್ಬೊಬ್ಬ ಹಮಾಲ ನಿಂತು ಅದನ್ನು ಹೊತ್ತು ನಡೆಯಬೇಕು. ಎಲ್ಲಿಯದೋ ಬೆಟ್ಟದ ಕೋಟೆಯಲ್ಲಿ ಎರಡು ತಿಂಗಳ ಕೆಲಸ. ಬಸಪ್ಪನಿಗೆ ಬರೆಯಲು ಬಾರದು. ಊರಿಗೆ ಕಾಗದ ಬರೆಸಿ ಕಳಿಸುವ ಬುದ್ಧಿಯೂ ಹೊಳೆಯಲಿಲ್ಲ. ಅತ್ತ ಗಂಗವ್ವನ ಅಣ್ಣಂದಿರು ಗೋವಾದಲ್ಲಿ ಇವನಿಗೆ ಇನ್ನೊಂದು ಸಂಸಾರವಿದೆ ಎಂದು ತೀರ್ಮಾನ ಮಾಡಿ ಮುಗಿಸಿದ್ದರು. ತಾನು ರಾಕ್ಷಸನ ಕಾಲಾಗಿದ್ದೆ ಎಂದು ಇವನು ಬಂದು ಹೇಳಿದಾಗ ಅವರು ನಕ್ಕರಂತೆ. ಗಂಗವ್ವ ನಗಲಿಲ್ಲ, ನಂಬಲೂ ಇಲ್ಲ. ಗಂಡನ ಜೊತೆ ಗೋವಾಕ್ಕೆ ಹೊರಟು ಬಂದಳು. ಮೂವತ್ತು ವರ್ಷ ಅವರ ಮನೆಯ ಪ್ರತಿ ಜಗಳವೂ "ಆ ಎರಡು ತಿಂಗಳು ಎಲ್ಲಿದ್ರಿ?" ಎಂಬಲ್ಲಿಗೇ ಬಂದು ನಿಲ್ಲುತ್ತಿತ್ತು. ಒಂದೇ ಗೋಡೆಯ ಆಚೆ ಇದ್ದ ನನಗೆ ಅದು ಬಾಯಿಪಾಠವಾಗಿತ್ತು.

ಗೋಣಿಯ ಒಂದು ತೂತಿನಿಂದ ಮಾತ್ರ ಹೊರಗೆ ಕಾಣುತ್ತಿದ್ದುದರಿಂದ ಬಸಪ್ಪ ಆ ಸಿನಿಮಾದ ಯಾರ ಮುಖವನ್ನೂ ನೋಡಿರಲಿಲ್ಲ. ಎಲ್ಲರನ್ನೂ ಮೊಣಕಾಲಿನಿಂದ ಕೆಳಗೆ ಬಲ್ಲ. ಮಾಂತ್ರಿಕನ ಹೆಬ್ಬೆರಳಿಗೆ ಉಗುರುಸುತ್ತು, ರಾಜಕುಮಾರಿ ಕಾಲ್ಗೆಜ್ಜೆಯ ಕೆಳಗೆ ಉಣ್ಣೆಯ ಕಾಲುಚೀಲ ಹಾಕುತ್ತಿದ್ದಳು. "ರಾಜಕುಮಾರನ ಮಾರಿ ನೀವು ನೋಡೀರಿ, ಹಿಮ್ಮಡಿ ನಾ ನೋಡೇನ್ರಿ. ನಮ್ಮೂರ ಎರಿ ಹೊಲ ಬಿರಿದಂಗ ಬಿರಿದಿದ್ದುವು." ಈ ಚಟ ಆಮೇಲೂ ಅವನನ್ನು ಬಿಡಲಿಲ್ಲ. ನಾನು ಬೆಳಿಗ್ಗೆ ಹೊರಟರೆ ಮುಖವೆತ್ತದೆ, "ಸಾಹೇಬ್ರ ಬೂಟು ಹೊಂಟುವು, ಏಳಾತು" ಎನ್ನುತ್ತಿದ್ದ. ನಾನು ಕಾರ್ಖಾನೆಯೊಂದರಲ್ಲಿ ಇಪ್ಪತ್ತೆಂಟು ವರ್ಷ ಟೈಮ್ ಕೀಪರ್ ಆಗಿದ್ದವನು. ಏಳು ಎಂದರೆ ಏಳೇ.

ತನ್ನ ಮಾತಿಗೆ ಅವನು ಕೊಡುತ್ತಿದ್ದ ಸಾಕ್ಷಿಯೂ ಅವನಿಗೆ ತಕ್ಕದ್ದೇ. ಕೊನೆಯ ಯುದ್ಧದಲ್ಲಿ ರಾಕ್ಷಸ ಸತ್ತು ಮಗ್ಗುಲಾಗಿ ಬೀಳುತ್ತಾನೆ. ಆಗ ಗೋಣಿಯೊಳಗೆ ಇರುವೆ ಹೊಕ್ಕು, ಬಸಪ್ಪ ತಡೆಯಲಾರದೆ ಹೆಣದ ಹಿಂದಿನ ಎಡಗಾಲಿನಿಂದ ಬಲಗಾಲನ್ನು ಕೆರೆದ. ಮತ್ತೊಮ್ಮೆ ತೆಗೆಯೋಣವೆಂದರೆ ಅಷ್ಟರಲ್ಲಿ ಹೆಣಕ್ಕೆ ಬೆಂಕಿ ಕೊಟ್ಟಾಗಿತ್ತು. ನಾಲ್ವರೂ ಓಡಿದ್ದೇ ಓಡಿದ್ದು.

ಈ ಸುಳ್ಳನ್ನು ಮುಗಿಸಬೇಕೆಂದು ಆ ಸಿನಿಮಾದ ಸಿ.ಡಿ.ಯನ್ನು ಮ್ಹಾಪಸಾದ ಶುಕ್ರವಾರದ ಸಂತೆಯಲ್ಲಿ ಹುಡುಕಿ ತಂದವನು ನಾನೇ. ನಮ್ಮ ಕನ್ನಡ ಸಂಘದ ಕೋಣೆಗೆ ನಾನು ಕಾರ್ಯದರ್ಶಿ. ರಾತ್ರಿ ಎಂಟೂವರೆಗೆ ಕೋಣೆ ಬಂದ್ ಎಂದು ಕೆಂಪು ಬಣ್ಣದಲ್ಲಿ ಗೋಡೆಯ ಮೇಲೆ ಬರೆದದ್ದೂ ನಾನೇ. ಭಾನುವಾರ ಆರಕ್ಕೆ ಸರಿಯಾಗಿ ಸಿನಿಮಾ ಹಾಕಿದೆ. ಎಂದೂ ಬಾರದ ಗಂಗವ್ವ ಅಂದು ಬಂದು ಕೊನೆಯ ಸಾಲಿನಲ್ಲಿ ಕುಳಿತು, ಎಲ್ಲರಿಗೂ ಕೇಳುವಂತೆ ಗಂಡನಿಗೆ ಹೇಳಿದಳು: "ಇವತ್ತು ಆ ಕಾಲು ಕೆರಕೊಂಡಿದ್ದು ಕಂಡ್ರ ನಿಮ್ಮ ಮಾತು ಖರೇ ಅಂತೀನಿ. ಕಾಣಲಿಲ್ಲಂದ್ರ ಇನ್ಮ್ಯಾಲ ಸಿನಿಮಾದ ಸುದ್ದಿ ಎತ್ತಬಾರದು." ಬಸಪ್ಪ ಆಗಲೆಂದ.

ಸಿನಿಮಾ ಹೇಗಿತ್ತೆಂದರೆ, ಮಾಂತ್ರಿಕ ಕೆಲಸಕ್ಕಿಂತ ನಗುವುದಕ್ಕೇ ಹೆಚ್ಚು ಹೊತ್ತು ತೆಗೆದುಕೊಂಡ. ಸೆರೆಮನೆಯಲ್ಲಿದ್ದ ರಾಜಕುಮಾರಿಗೆ ದಿನವೂ ತಾಜಾ ಮಲ್ಲಿಗೆ ಯಾರು ಕೊಡುತ್ತಿದ್ದರೋ ತಿಳಿಯಲಿಲ್ಲ. ಮಂಚ ಹಾರಿತು, ಕಟ್ಟಿದ ತಂತಿಯೂ ಹಾರಿತು. ನಡುವೆ ಅರ್ಧ ತಾಸು ಕರೆಂಟು ಹೋಯಿತು. ರಾಜಕುಮಾರ ಕೊನೆಗೂ ಕತ್ತಿ ಎತ್ತಿ, ರಾಕ್ಷಸ ತೂರಾಡತೊಡಗಿದಾಗ ಸರಿಯಾಗಿ ಎಂಟೂವರೆ. ನಾನೆದ್ದು ಸ್ವಿಚ್ ಆರಿಸಿದೆ.

"ಎರಡ ನಿಮಿಷ್ರೀ ಸಾಹೇಬ್ರ, ಈಗ ಸಾಯತೈತಿ" ಎಂದ ಬಸಪ್ಪ.

ನಾನು ಗೋಡೆ ತೋರಿಸಿದೆ. ಜನ ನಕ್ಕರು. ಗಂಗವ್ವ ಸೆರಗು ಝಾಡಿಸಿಕೊಂಡು ಎದ್ದು ಹೋದಳು.

ಮರುದಿನ, ಉಳಿದದ್ದನ್ನು ಮುಂದಿನ ಭಾನುವಾರ ಹಾಕುವೆನೆಂದೆ. ನಿಯಮದಲ್ಲಿ ಅದಕ್ಕೆ ಅಡ್ಡಿಯಿರಲಿಲ್ಲ. "ಬ್ಯಾಡ್ರಿ, ಅಕಿಗೆ ಮಾತು ಕೊಟ್ಟೇನಿ" ಎಂದ. ಅಂದಿನಿಂದ ಅವನು ಕಾಲಾಗಿ ಉಳಿಯಲಿಲ್ಲ. ಹೊಸಬರು ಕೇಳಿದರೆ "ಬಸಪ್ಪರಿ, ಹಮಾಲ" ಅಷ್ಟೇ. ನನ್ನ ಬೂಟಿನ ಸುದ್ದಿಯನ್ನೂ ನಿಲ್ಲಿಸಿದ. ಗೆದ್ದೆನೆಂದುಕೊಂಡು ಸಿ.ಡಿ.ಗೆ ಚೀಟಿ ಅಂಟಿಸಿ ಕಪಾಟಿನಲ್ಲಿಟ್ಟೆ.

ಎರಡು ವರ್ಷದ ಮೇಲೆ, ಬಸಪ್ಪ ಎದೆನೋವಿನಿಂದ ತೀರಿಕೊಂಡ ಬಳಿಕ, ಕಪಾಟಿನ ವಾರ್ಷಿಕ ಸ್ವಚ್ಛತೆಯಲ್ಲಿ ಅದು ಕೈಗೆ ಬಂತು. ಸರಿಯಾಗಿ ಓಡುತ್ತದೆಯೋ ಎಂದು ಪರೀಕ್ಷಿಸಲು ಕೊನೆಯ ಭಾಗ ಹಾಕಿದೆ. ರಾಕ್ಷಸ ಬಿದ್ದ, ಸತ್ತ. ಸತ್ತ ಮೇಲೆ ಅವನ ಹಿಂದಿನ ಎಡಗಾಲು ನಿಧಾನವಾಗಿ ಎದ್ದು ಬಲಗಾಲನ್ನು ಮೂರು ಸಲ ಕೆರೆಯಿತು.

ಆ ಭಾನುವಾರ ಎಂಟು ಗಂಟೆಗೆ, ಕಂಡದ್ದನ್ನು ಹೇಳಿ ಗಂಗವ್ವನನ್ನು ಕೋಣೆಗೆ ಕರೆತಂದೆ. ಈ ಸಲ ಮೊದಲ ಸಾಲಿನಲ್ಲಿ ಕುಳಿತಳು. ಕಾಲು ಕೆರೆದದ್ದನ್ನು ನೋಡಿದಳು. ಇನ್ನೊಮ್ಮೆ ಹಾಕೆಂದಳು, ಹಾಕಿದೆ. ಮತ್ತೊಮ್ಮೆ, ಮತ್ತೊಮ್ಮೆ. ರಾಕ್ಷಸ ಎಷ್ಟು ಸಲ ಸತ್ತನೋ ನಾನು ಲೆಕ್ಕವಿಡಲಿಲ್ಲ. ಕೊನೆಗೆ ಅಭ್ಯಾಸಬಲದಿಂದ ನನ್ನ ಕತ್ತು ಗೋಡೆಯ ಕೆಂಪು ಬರಹದತ್ತ ಹೊರಳಿತು.

"ಅತ್ತಾಗ ನೋಡಬ್ಯಾಡ್ರಿ ಸಾಹೇಬ್ರ" ಎಂದಳು ಗಂಗವ್ವ, ಪರದೆಯಿಂದ ಕಣ್ಣು ತೆಗೆಯದೆ. "ಹಾಕ್ರಿ."