ಊಟದ ಬಿಡುವಿನಲ್ಲಿ ಆರು ಕಂತಿನ ಕೊಲೆ

ಎಪ್ಪತ್ತರ ದಶಕದಲ್ಲಿ ನಾನು ರಾಜಾಜಿನಗರದ ಒಂದು ಕಾರ್ಖಾನೆಯಲ್ಲಿ ಸ್ಟೋರ್ಸ್ ಗುಮಾಸ್ತನಾಗಿದ್ದೆ. ಒಂದು ವರ್ಷ ರಾಜ್ಯೋತ್ಸವಕ್ಕೆಂದು ನಮ್ಮ ಕನ್ನಡ ಸಂಘಕ್ಕೆ ಒಂದೂವರೆ ಗಂಟೆಯ ಪತ್ತೇದಾರಿ ನಾಟಕ ಬರೆದುಕೊಟ್ಟೆ. ಶ್ರೀಮಂತನೊಬ್ಬ ಕಾಫಿ ಕುಡಿದು ಸಾಯುತ್ತಾನೆ. ವಿಷ ಹಾಕಿದವರು ಯಾರು ಎಂಬುದೇ ಕಥೆ. ಆದರೆ ಅದಕ್ಕಾಗಿ ಕೆಲಸ ನಿಲ್ಲಿಸಲು ಮ್ಯಾನೇಜರು ಒಪ್ಪಲಿಲ್ಲ.

"ಊಟದ ಟೈಮಲ್ಲಿ ಕ್ಯಾಂಟೀನಲ್ಲಿ ಮಾಡ್ಕೊಳ್ರಿ. ದಿನಾ ಕಾಲು ಗಂಟೆ," ಎಂದರು.

ಸೋಮವಾರದಿಂದ ಶನಿವಾರಕ್ಕೆ ಸರಿಹೊಂದುವಂತೆ ನಾಟಕವನ್ನು ಆರು ತುಂಡು ಮಾಡಿದೆ. ಇಷ್ಟಪಟ್ಟು ಬರೆದದ್ದನ್ನು ಹೀಗೆ ಕತ್ತರಿಸಬೇಕಾಯಿತಲ್ಲ ಎಂದು ಬಹಳ ಬೇಜಾರಾಗಿತ್ತು.

ಸತ್ತವನ ಹೆಂಡತಿಯ ಪಾತ್ರ ಪ್ಯಾಕಿಂಗ್ ವಿಭಾಗದ ಹೆಂಗಸೊಬ್ಬರದು. ನಾವೆಲ್ಲ ಅವರನ್ನು ಅಕ್ಕ ಎನ್ನುತ್ತಿದ್ದೆವು. ಕೊಲೆ ಮಾಡುವವನು ಸತ್ತವನ ತಮ್ಮ; ಆ ಪಾತ್ರ ಡ್ರಾಯಿಂಗ್ ವಿಭಾಗದ ಒಬ್ಬ ನಾಚಿಕೆಯ ಹುಡುಗನದು. ಮಾತು ಕಡಿಮೆ ಇರುವ ಪಾತ್ರವೆಂದು ಅವನಿಗೆ ಕೊಟ್ಟಿದ್ದೆವು.

ಸೋಮವಾರದ ಕಂತಿನಲ್ಲಿ ಇನ್ಸ್‌ಪೆಕ್ಟರು ಮನೆಯವರ ಪರಿಚಯವನ್ನೆಲ್ಲ ವಿಸ್ತಾರವಾಗಿ ಹೇಳಿ ಮುಗಿಸಬೇಕಿತ್ತು. ಅವರು ಸತ್ತವನ ಲೋಟವನ್ನು ಎತ್ತಿ ಹಿಡಿದು, "ಇದನ್ನ ಕೊನೇಲಿ ಮುಟ್ಟಿದ್ದು ಯಾರು?" ಎಂದು ಕೇಳಿದ್ದೇ ತಡ, ಊಟದ ಬಿಡುವು ಮುಗಿದ ಸೈರನ್ ಕೂಗಿತು. ಎಲ್ಲರೂ ಎದ್ದು ಹೋದರು. ನನಗೆ ಅಳುವೇ ಬಂದಂತಾಯಿತು.

ಮಧ್ಯಾಹ್ನ ನಟ್ಟು ಬೋಲ್ಟು ಕೇಳಲು ಸ್ಟೋರ್ಸಿಗೆ ಬಂದ ವೆಲ್ಡರೊಬ್ಬರು ಕಿಟಕಿಯಲ್ಲಿ ತಲೆ ತೂರಿಸಿ, "ಸಾರ್, ನನಗೊಬ್ಬನಿಗೆ ಹೇಳಿ, ಯಾರು ಮುಟ್ಟಿದ್ದು?" ಎಂದರು. ಸಂಜೆಯೊಳಗೆ ಇನ್ನೂ ಏಳೆಂಟು ಜನ ಬಂದು ಅದನ್ನೇ ಕೇಳಿದರು. ಅವತ್ತು ವಿಜಯನಗರದ ನನ್ನ ರೂಮಿಗೆ ಹೋದವನೇ ಉಳಿದ ಐದು ಕಂತುಗಳ ಉದ್ದುದ್ದ ಮಾತುಗಳನ್ನೆಲ್ಲ ಹೊಡೆದುಹಾಕಿದೆ. ಪ್ರತಿ ಕಂತೂ ಒಂದು ಪ್ರಶ್ನೆಗೆ ಉತ್ತರ ಕೊಟ್ಟು, ಇನ್ನೊಂದು ಪ್ರಶ್ನೆಯ ಮೇಲೆ ನಿಲ್ಲುವಂತೆ ಮಾಡಿದೆ. ಮಂಗಳವಾರ ಕ್ಯಾಂಟೀನಿನಲ್ಲಿ ಕೂರಲು ಜಾಗವಿರಲಿಲ್ಲ; ಬುಧವಾರ ನಿಲ್ಲಲೂ ಇರಲಿಲ್ಲ.

ಗುರುವಾರ ಎಡವಟ್ಟಾಯಿತು. ನಾಟಕ ನಡೆಯುತ್ತಿದ್ದಾಗಲೇ ಆ ವೆಲ್ಡರು, "ತಮ್ಮನೇ ಕಣ್ರೋ! ಅವನೇ ಹಾಕಿರೋದು!" ಎಂದು ಕೂಗಿದರು. ಎಲ್ಲರೂ ಹೌದು ಹೌದು ಎಂದರು. ನಾನು ಗಾಬರಿಯಾಗಿ ಅಕ್ಕನ ಹತ್ತಿರ ಓಡಿದೆ.

"ಅಕ್ಕಾ, ಗುಟ್ಟು ರಟ್ಟಾಯ್ತು. ಕೊಲೆಗಾರನ್ನ ಬದಲಾಯಿಸಿಬಿಡ್ತೀನಿ."

ಅಕ್ಕ ಡಬ್ಬಿ ತೊಳೆಯುತ್ತಿದ್ದರು. "ಯಾಕಪ್ಪಾ? ಅವನೇ ಅಂತ ಇವರಿಗೆಲ್ಲ ಗೊತ್ತು. ನಾಟಕದಲ್ಲಿ ಆ ಹೆಂಗಸಿಗೆ ಗೊತ್ತಾ?"

"ಇಲ್ಲ."

"ಮತ್ತಿನ್ನೇನು? ನಾಳೆ ಅವನು ನನಗೂ ಕಾಫಿ ತಂದುಕೊಡಲಿ."

ಹಾಗೇ ಬರೆದೆ. ಶುಕ್ರವಾರ ಆ ಹುಡುಗ ಲೋಟ ಹಿಡಿದು ಬಂದಾಗ ಕ್ಯಾಂಟೀನಿನಲ್ಲಿ ತಟ್ಟೆಯ ಸದ್ದೂ ಇರಲಿಲ್ಲ. ಅಕ್ಕ ಅವಸರವೇ ಮಾಡಲಿಲ್ಲ. ಲೋಟ ತೆಗೆದುಕೊಂಡರು, ಸೆರಗು ಸರಿಮಾಡಿಕೊಂಡರು, ಗಂಡನ ಬಗ್ಗೆ ಒಂದು ಮಾತಾಡಿದರು. ಲೋಟ ತುಟಿಯ ಹತ್ತಿರ ಹೋದಾಗ ಹಿಂದಿನಿಂದ ಯಾರೋ, "ಅಕ್ಕಾ, ಕುಡೀಬೇಡಿ!" ಎಂದು ಚೀರಿದರು. ಯಾರೂ ನಗಲಿಲ್ಲ. ಆಗ ಸೈರನ್ ಕೂಗಿತು. ಈ ಸಲ ಅದು ನಾನು ಲೆಕ್ಕ ಹಾಕಿ ನಿಲ್ಲಿಸಿದ ಜಾಗವೇ ಆಗಿತ್ತು.

ಶನಿವಾರ ಮ್ಯಾನೇಜರೂ ಬಂದು ಬಾಗಿಲ ಬಳಿ ನಿಂತರು. ಅಕ್ಕ ಲೋಟವನ್ನು ಕೆಳಗಿಳಿಸಿ, "ಅವತ್ತು ನಿಮ್ಮಣ್ಣನಿಗೂ ನೀನೇ ತಂದುಕೊಟ್ಟಿದ್ದೆ. ಇವತ್ತು ನೀನು ಮೊದಲು ಕುಡಿಯಪ್ಪಾ," ಎಂದರು. ಹುಡುಗ ಲೋಟ ತೆಗೆದುಕೊಂಡು ಒಂದು ಹೆಜ್ಜೆ ಹಿಂದೆ ಸರಿದ. ಅದು ನಟನೆಯೋ ನಿಜವಾದ ಹೆದರಿಕೆಯೋ ನನಗೆ ಇಂದಿಗೂ ಗೊತ್ತಿಲ್ಲ. ಅವನು ಲೋಟ ಬೀಳಿಸಿದ, ಇನ್ಸ್‌ಪೆಕ್ಟರು ಬಂದು ಹಿಡಿದರು. ಗುರುವಾರವೇ ಉತ್ತರ ತಿಳಿದಿದ್ದ ಆ ಜನ ಎದ್ದು ನಿಂತು ಚಪ್ಪಾಳೆ ಹೊಡೆದರು. ನನ್ನ ಇಪ್ಪತ್ತಾರನೆಯ ವಯಸ್ಸಿಗೆ ಅಷ್ಟು ಸಂತೋಷ ಸಾಕಾಗಿತ್ತು.

ಆ ಹುಡುಗ ಅಲ್ಲಿಯವರೆಗೆ ಮೂಲೆಯ ಮೇಜಿನಲ್ಲಿ ಒಬ್ಬನೇ ಊಟ ಮಾಡುತ್ತಿದ್ದ. ಮರು ಸೋಮವಾರ ವೆಲ್ಡರು ದೂರದಿಂದಲೇ, "ಲೋ ಕೊಲೆಗಾರ, ಇಲ್ಲಿ ಬಾರೋ, ಜಾಗ ಇದೆ," ಎಂದು ಕರೆದರು. ಅವನು ಕಿವಿಯವರೆಗೂ ಕೆಂಪಾಗಿ, ಡಬ್ಬಿ ಎತ್ತಿಕೊಂಡು ಅವರ ಪಕ್ಕ ಹೋಗಿ ಕುಳಿತ.