ಹತ್ತು ಸಲ ಮಾಡಬೇಕಾದ ಲೆಕ್ಕ

ಮಧುಗಿರಿಯ ಹೈಸ್ಕೂಲೊಂದರಲ್ಲಿ ಇಡೀ ಸೀಮೆಸುಣ್ಣವೊಂದು ಸವೆಯದೆ ಉಳಿದ ಗಂಭೀರ ಪ್ರಕರಣಕ್ಕೆ ನಾನೇ ಕಾರಣ. ಗಣಿತದ ಮೇಷ್ಟ್ರ ಕೆಲಸ ಕೇಳಿಕೊಂಡು ನಾನೂ ಶಿರಾದವರೊಬ್ಬರೂ ಹೋಗಿದ್ದೆವು. ಹೊರಗೆ ಪಾವಗಡದ ಕೊನೆಯ ಬಸ್ಸು ಹಾರನ್ ಹೊಡೆಯುತ್ತಿತ್ತು; ನನಗೆ ನಿಂತಲ್ಲಿ ನಿಲ್ಲಲಾಗುತ್ತಿರಲಿಲ್ಲ.

ಹೆಡ್‌ಮಾಸ್ಟರು ಕರಿಹಲಗೆಯನ್ನು ಇಬ್ಬರಿಗೂ ಹಂಚಿದರು. “x ಘನ ಇಂಟು ಸೈನ್ x. ಹತ್ತು ಸಲ ಡಿಫರೆನ್ಶಿಯೇಟ್ ಮಾಡಿ, ಸೊನ್ನೆಯಲ್ಲಿ ಬೆಲೆ ಹೇಳಿ.”

ನಾನು ಅಡ್ಡದಾರಿ ಹಿಡಿದು ಟೇಲರ್ ಸರಣಿ ಬರೆದು, x ನ ಹತ್ತನೆಯ ಘಾತದ ಮುಂದಿದ್ದ ಗುಣಕವನ್ನು ಹತ್ತರ ಫ್ಯಾಕ್ಟೋರಿಯಲ್‌ನಿಂದ ಗುಣಿಸಿದೆ.

“ಮೈನಸ್ ಏಳ್ನೂರಿಪ್ಪತ್ತು, ಸಾರ್.”

“ಉತ್ತರ ಸರಿ. ಹತ್ತು ಸಲ ಎಲ್ಲಿ ಮಾಡಿದ್ರಿ?”

“ಮಾಡೋ ಅಗತ್ಯ ಬೀಳಲಿಲ್ಲ, ಸಾರ್.”

ಅವರಿಗೆ ನಿಜವಾಗಿಯೂ ಚಿಂತೆಯಾಯಿತು. “ಅಲ್ಲ ಕಣಪ್ಪಾ, ಪೀರಿಯಡ್ಡು ಮುಕ್ಕಾಲು ಗಂಟೆ. ನೀವು ಹಿಂಗೆ ಎರಡು ನಿಮಿಷಕ್ಕೆ ಮುಗಿಸಿಬುಟ್ರೆ ಮಿಕ್ಕ ಹೊತ್ತು ಹುಡುಗರನ್ನ ಹೆಂಗೆ ಹಿಡಿದಿಡ್ತೀರಿ?”

ಸೀಮೆಸುಣ್ಣವನ್ನು ಮೇಜಿನ ಮೇಲಿಟ್ಟೆ. ಕೈಮುಗಿದು ಬಸ್ಸಿಗೆ ಓಡಿದೆ. ಆಗ ಶಿರಾದವರು ಬೆವರೊರೆಸಿಕೊಳ್ಳುತ್ತ ನಾಲ್ಕನೆಯ ಸಲ ಮಾಡುತ್ತಿದ್ದರು. ಮೂರನೆಯದರಲ್ಲೇ ಒಂದು ಚಿಹ್ನೆ ತಪ್ಪಿತ್ತು.

ಕೆಲಸ ಅವರಿಗಾಯಿತು.